ಓಪನ್‌ರಿಫೈನ್: ಕಲಾಸಂಸ್ಥೆಗಳ ದಾಖಲೆ ಶುದ್ಧಿಗೊಂದು ಉಪಕರಣ

ಸಣ್ಣ ಕಲಾಸಂಘಗಳಿಗೂ ವಸ್ತುಸಂಗ್ರಹಾಲಯಗಳಿಗೂ ದತ್ತಾಂಶದ ಬರವಿಲ್ಲ. ಒಬ್ಬನೇ ಕಲಾವಿದನ ಹೆಸರು ಮೂರು ಬಗೆಯಲ್ಲಿ ದಾಖಲಾಗಿರುವುದೇ ತೊಡಕು. 2010ರಲ್ಲಿ ಫ್ರೀಬೇಸ್ ಗ್ರಿಡ್‌ವರ್ಕ್ಸ್ ಎಂಬ ಹೆಸರಿನಿಂದ ಆರಂಭವಾಗಿ, ಗೂಗಲ್ ರಿಫೈನ್ ಆಗಿ, ಆಮೇಲೆ ಮುಕ್ತ ಸಮುದಾಯದ ಕೈಗೆ ಬಂದ ಓಪನ್‌ರಿಫೈನ್ ಎಂಬ ಉಚಿತ ತಂತ್ರಾಂಶ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಅದರ ಕ್ಲಸ್ಟರ್ ಸೌಲಭ್ಯವು ‘ರಾಮರಾವ್ ಕೆ.’ ಮತ್ತು ‘ಕೆ. ರಾಮರಾವ್’ ಎಂಬ ನಮೂದುಗಳನ್ನು ಒಂದೇ ಗುಂಪಿನಲ್ಲಿ ತೋರಿಸಿ, ಅವನ್ನು ಒಂದುಗೂಡಿಸುವ ತೀರ್ಮಾನವನ್ನು ನಮಗೇ ಬಿಡುತ್ತದೆ. ಹೆಸರು ಒಂದಾದರೂ ಮನುಷ್ಯರು ಇಬ್ಬರಿರಬಹುದಲ್ಲ, ನನಗೆ ಹೆಚ್ಚು ಮೆಚ್ಚುಗೆಯಾದದ್ದು ಈ ಸಂಯಮವೇ. ತಪ್ಪಿದರೆ ಹೆಜ್ಜೆ ಹೆಜ್ಜೆಯಾಗಿ ಹಿಂದಿರುಗಬಹುದು. ತಂತ್ರಾಂಶ ನಮ್ಮ ಗಣಕದಲ್ಲೇ ನಡೆಯುವುದರಿಂದ, ವಿಕಿಡೇಟಾ ಎಂಬ ಮುಕ್ತ ದತ್ತಾಂಶಕೋಶದಂತಹ ಹೊರಗಿನ ಸೇವೆಯೊಡನೆ ನಾವಾಗಿಯೇ ತಾಳೆ ನೋಡಿದ ಹೊರತು, ಸದಸ್ಯರ ವಿವರಗಳು ಆಚೆ ಹೋಗುವುದಿಲ್ಲ. ವಾರ್ಷಿಕ ವರದಿಗೆ ಅಂಕಿಅಂಶಗಳ ಚಂದದ ಚಾರ್ಟುಗಳು ಬೇಕೆನ್ನುವವರು ಮಾತ್ರ ಬೇರೆ ಉಪಕರಣವನ್ನೇ ಹುಡುಕಬೇಕು.