ಹಳೇ ಜೀಪಿನ ವಯಸ್ಸು: ತಗಡು, ಚಾಸಿ, ಇಂಜಿನ್, ಆರ್‌ಸಿ – ಯಾವುದನ್ನು ನಂಬೋದು?

ಬಳ್ಳಾರಿ ಕಡೆ ಹಳೇ ಜೀಪ್ ಮಾರುವವರ ಬಾಯಲ್ಲಿ ಎರಡೇ ಮಾತು. ಒಂದೋ "ಮಿಲಿಟರಿ ಗಾಡಿ ಸಾರ್", ಇಲ್ಲಾ "ಟಿ.ಬಿ. ಡ್ಯಾಂ (ತುಂಗಭದ್ರಾ ಅಣೆಕಟ್ಟು) ಕಟ್ಟುವಾಗ ಓಡಾಡಿದ್ದು". ಡ್ಯಾಂ ಕೆಲಸ ನಡೆದದ್ದು 1945ರಿಂದ 1953ರವರೆಗೆ. ಹಾಗಾಗಿ ಸುಮ್ನೆ ಸುಳ್ಳು ಅಂತ ತಳ್ಳಿಹಾಕುವುದಕ್ಕೂ ಆಗುವುದಿಲ್ಲ. ಕೌಲ್ ಬಜಾರ್ ಕಡೆ ಒಂದು ಶೆಡ್ಡಿನಲ್ಲಿ ನಿಂತಿದ್ದ ಜೀಪಿಗೆ ಈ ಎರಡು ಕಥೆಗಳೂ ಅಂಟಿಕೊಂಡಿದ್ದವು. ಅದರ ಮೇಲೇ ಎಲ್ಲ ಗುರುತುಗಳನ್ನೂ ಪರೀಕ್ಷೆ ಮಾಡಿದೆ.

ಮೊದಲು ಕಣ್ಣಿಗೆ ಬೀಳುವುದು ಗ್ಲೋವ್ ಬಾಕ್ಸ್ ಮುಚ್ಚಳದ ಮೇಲಿನ ತಗಡು. ಓದುವುದು ಬಲು ಸುಲಭ: ಕಂಪನಿ ಹೆಸರು, ಸೀರಿಯಲ್ ನಂಬರ್, ಡೆಲಿವರಿ ತಾರೀಖು. ಈ ಗಾಡಿಯಲ್ಲಿ ವಿಲ್ಲೀಸ್ ಅಂತಿತ್ತು, ಅಂದರೆ ಜೀಪ್ ಮಾಡುತ್ತಿದ್ದ ಅಮೆರಿಕದ ಕಂಪನಿ. ಆದರೆ ಇಂಥ ತಗಡು ಹೊಸದಾಗಿಯೇ ಮಾರಾಟಕ್ಕೆ ಸಿಗುತ್ತದೆ, ನಂಬರ್ ನಾವೇ ಪಂಚ್ ಮಾಡಿಸಿಕೊಳ್ಳಬಹುದು. ಎಂಬತ್ತು ವರ್ಷದ ಗಾಡಿಯಲ್ಲಿ ತಗಡು ಮಾತ್ರ ಫಳಫಳ ಅಂದರೆ ಅನುಮಾನ ಬರಬೇಕು, ಅಲ್ವಾ?

ಚಾಸಿ, ಅಂದರೆ ಗಾಡಿಯ ಅಡಿಯ ಚೌಕಟ್ಟು; ಅದರ ನಂಬರ್ ಹುಡುಕುವುದು ಕೊಳಕು ಕೆಲಸ. ಸಂಡೂರಿನ ಅದಿರು ರಸ್ತೆಯಲ್ಲಿ ದುಡಿದ ಗಾಡಿಯಾದರೆ ಕೆಂಪು ಧೂಳು, ಗ್ರೀಸು, ಪೇಂಟು ಸೇರಿ ಅಕ್ಷರದ ಮೇಲೆ ಇನ್ನೊಂದು ಚರ್ಮವೇ ಬೆಳೆದಿರುತ್ತದೆ. ಡೀಸೆಲ್ ಹಚ್ಚಿ ನೆನೆಸಿ, ಬ್ರಶ್ಶಿನಿಂದ ಮೆಲ್ಲಗೆ ಉಜ್ಜಿ. ಗ್ರೈಂಡರ್ ಮಾತ್ರ ಹತ್ತಿರ ತರಬೇಡಿ. ನಂಬರ್ ಅಳಿಸಿದರೆ ಆರ್‌ಟಿಒ ಕಣ್ಣಿಗೆ ಅದು ಕಳ್ಳ ಗಾಡಿ. ಆಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿದರೆ, ಕಣ್ಣಿಗೆ ಕಾಣದ ಅಂಕಿಯೂ ಮೂಡುತ್ತದೆ.

ಎಲ್ಲಿ ಹುಡುಕಬೇಕು? ಎರಡನೇ ಮಹಾಯುದ್ಧಕಾಲದ ವಿಲ್ಲೀಸ್ ಎಂಬಿ ಮಾಡೆಲ್ಲಿನಲ್ಲಿ ಮುಂದಿನ ಬಂಪರ್ ಹಿಂದೆ, ಎಡಗಡೆ ಚಾಸಿ ಪಟ್ಟಿಯ ಒಳಮೈಗೆ ರಿವೆಟ್ ಹೊಡೆದ ಸಣ್ಣ ತಗಡು. ಅದೇ ಜೀಪನ್ನು ಫೋರ್ಡ್ ಕೂಡ ಜಿಪಿಡಬ್ಲ್ಯೂ ಹೆಸರಲ್ಲಿ ಮಾಡುತ್ತಿತ್ತು. ಅದರಲ್ಲಿ ನಂಬರನ್ನು ಎಡಗಡೆ ಪಟ್ಟಿಯ ಮೇಲ್ಭಾಗಕ್ಕೇ ಕೊರೆದಿರುತ್ತಾರೆ. ಈ ಜೀಪಿನಲ್ಲಿ ಸಿಕ್ಕಿದ್ದು ಅಲ್ಲೇ! ಅಂದರೆ ತಗಡಿನಲ್ಲಿ ವಿಲ್ಲೀಸ್ ಅಂತಿದ್ದರೂ ಚಾಸಿ ಫೋರ್ಡಿನದು.

ಇದಕ್ಕೆ ಸಾಕ್ಷಿ ಹೇಳಿದ್ದು ನಂಬರೇ ಇಲ್ಲದ ಭಾಗಗಳು. ರೇಡಿಯೇಟರ್ ಕೆಳಗಿನ ಅಡ್ಡಪಟ್ಟಿ ದುಂಡನೆ ಪೈಪಾಗಿದ್ದರೆ ವಿಲ್ಲೀಸ್, ಬೋರಲು ಹಾಕಿದ ಯು ಆಕಾರದ್ದಾದರೆ ಫೋರ್ಡ್. ಫೋರ್ಡ್ ತನ್ನ ಬೋಲ್ಟಿನ ತಲೆಗೂ 'ಎಫ್' ಅಕ್ಷರ ಒತ್ತುತ್ತಿತ್ತು. ಇಲ್ಲಿ ಎರಡೂ ಫೋರ್ಡಿನವೇ. ಬೋಲ್ಟ್ ತಲೆಯ ಅಕ್ಷರ ತಿದ್ದುವಷ್ಟು ಪುರುಸೊತ್ತು ಯಾವ ದಲ್ಲಾಳಿಗೂ ಇರುವುದಿಲ್ಲ. ನನ್ನ ಲೆಕ್ಕದಲ್ಲಿ ಚಾಸಿ ನಂಬರಿಗಿಂತಲೂ ಇವೇ ಜಾಸ್ತಿ ನಂಬಿಕಸ್ತ. ಏನಿದ್ದರೂ ವರ್ಷ ಹೇಳುವುದಕ್ಕೆ ಚಾಸಿ ನಂಬರೇ ಬೇಕು.

ಇಂಜಿನ್ ನಂಬರಿಗೆ ನಾನು ಬೆಲೆ ಕೊಡುವುದಿಲ್ಲ. ಪೆಟ್ರೋಲ್ ಜೀಪಿಗೆ ಡೀಸೆಲ್ ಇಂಜಿನ್ ಕೂರಿಸುವುದು ನಮ್ಮಲ್ಲಿ ಮಾಮೂಲಿ.

ಆರ್‌ಸಿ ಬುಕ್ ಕಾನೂನಿಗೆ ಬೇಕೇ ಬೇಕು, ವಯಸ್ಸಿಗಲ್ಲ. ಹರಾಜಿನಲ್ಲಿ ಬಂದ ಮಿಲಿಟರಿ ಗಾಡಿಗೆ ಅದರಲ್ಲಿರುವುದು ಸಿವಿಲ್ ನೋಂದಣಿಯ ವರ್ಷ ಇರಬಹುದು. ಬಳ್ಳಾರಿ ಆರ್‌ಟಿಒದ ಕೆಎ-34 ನೋಡಿ ಲೆಕ್ಕ ಹಾಕಬೇಡಿ, ಹಳೇ ಗಾಡಿಗೂ ಆಮೇಲೆ ಆ ನಂಬರ್ ಬಂದಿರಬಹುದು.

2021ರ ನಿಯಮದ ಪ್ರಕಾರ 50 ವರ್ಷ ದಾಟಿದ ಗಾಡಿಯನ್ನು ವಿಂಟೇಜ್ ಅಂತ ನೋಂದಾಯಿಸಬಹುದು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ. ಆದರೆ ಚಾಸಿ, ಬಾಡಿ, ಇಂಜಿನ್ ಹೆಚ್ಚು ಬದಲಾಗಿರಬಾರದು. ಈ ಜೀಪಿನ ಇಂಜಿನ್ ಬೇರೆಯದು, ಆರ್‌ಸಿಯಲ್ಲಿ ಅದರ ಎಂಟ್ರಿಯೂ ಇಲ್ಲ. ಆದ್ದರಿಂದ ವಿಂಟೇಜ್ ಬೆಲೆ ಕೊಡಲ್ಲ ಅಂದೆ. ಮಾರುವವರು ಇನ್ನೂ ಆ ತಗಡನ್ನೇ ತೋರಿಸುತ್ತಿದ್ದಾರೆ.