ಸುತ್ತಳತೆ ಸಿಕ್ಕಿತು, ತ್ರಿಜ್ಯಕ್ಕೆ ಯಾವ ಪೈ?

ಕೋಲಾರದ ತೋಟದ ತೆರೆದ ಬಾವಿಗೆ ಜಾಲರಿ ಹಾಕಿಸಬೇಕು, ಸುತ್ತಳತೆ 22 ಮೀಟರ್ ಬಂತು, ಪೈಗೆ 22/7 ಹಿಡಿಯಲೋ, 3.14 ಹಿಡಿಯಲೋ, ಕ್ಯಾಲ್ಕುಲೇಟರಿನ ಪೈ ಗುಂಡಿ ಒತ್ತಲೋ ಅಂತ ಕೇಳಿದ್ದೀರಿ. ಸೂತ್ರ ಮೂರಕ್ಕೂ ಒಂದೇ: ಸುತ್ತಳತೆಯನ್ನು ಪೈನ ಎರಡರಷ್ಟರಿಂದ ಭಾಗಿಸಿ.

ಸುಲಭದ ಮಾತಾದರೆ, 11ರ ಮಗ್ಗಿಯಲ್ಲಿ ಬರುವ ಅಳತೆಗೆ 22/7 ಚೆನ್ನ. 7ರಿಂದ ಗುಣಿಸಿ, 44ರಿಂದ ಭಾಗಿಸಿ. ನಿಮ್ಮ ಬಾವಿಗೆ 3.5 ಮೀಟರ್, ಬಾಯಿಲೆಕ್ಕದಲ್ಲೇ ಬಂತು. ಸುತ್ತಳತೆ 31.4 ಇದ್ದಿದ್ದರೆ 3.14 ಹಿಡಿದು ತಕ್ಷಣ 5 ಅನ್ನಬಹುದಿತ್ತು.

ನಿಖರತೆಯಲ್ಲಿ? ದಶಮಾಂಶ ಇದೆ ಅಂತ 3.14 ಜಾಸ್ತಿ ಸರಿ ಅನ್ನಿಸುತ್ತದೆ, ಅಲ್ವಾ? ಹಾಗಿಲ್ಲ. ಪೈ 3.14159ರ ಆಸುಪಾಸು, 22/7 ಅಂದರೆ 3.142857. ಅದೇ ಹತ್ತಿರ. ಪೈ ಗುಂಡಿ ಒತ್ತಿದರೆ ನಿಮ್ಮ ತ್ರಿಜ್ಯ 3.5014 ಮೀಟರ್, 3.14 ಹಿಡಿದರೆ 3.5032. ಎಲ್ಲಾ ಸೇರಿ ಮೂರು ಮಿಲಿಮೀಟರ್ ಜಗಳ! ಅಳೆಯುವ ಟೇಪು 6 ಸೆಂಟಿಮೀಟರ್ ಸಡಿಲವಾದರೆ ತ್ರಿಜ್ಯ ಸುಮಾರು 1 ಸೆಂಟಿಮೀಟರ್ ಹೆಚ್ಚಿಗೆ ಬರುತ್ತದೆ. ಹಾಗಾಗಿ ಬಾವಿಗೆ ಯಾವ ಪೈ ಆದರೂ ನಡೆಯುತ್ತದೆ, ಟೇಪು ಬಿಗಿಯಾಗಿರಲಿ. ಕಟ್ಟೆಯ ಹೊರಗಿನಿಂದ ಅಳೆದಿದ್ದರೆ, ಒಳಗಿನ ತ್ರಿಜ್ಯಕ್ಕೆ ಗೋಡೆಯ ದಪ್ಪ ಕಳೆಯಿರಿ.

ಮಕ್ಕಳ ಪರೀಕ್ಷೆಗಾದರೆ ಪ್ರಶ್ನೆಯಲ್ಲಿ ಕೊಟ್ಟ ಬೆಲೆಯನ್ನೇ ಹಾಕಬೇಕು, ಸುಮ್ನೆ ಬದಲಿಸಿದರೆ ಉತ್ತರ ಹೊಂದುವುದಿಲ್ಲ. ಲೇತ್‌ನಲ್ಲಿ ಕೂದಲೆಳೆ ಲೆಕ್ಕದ ಕೆಲಸಕ್ಕೆ ಮಾತ್ರ ಪೈ ಗುಂಡಿಯೇ ಬೇಕು.