ಹೊಸ ಬ್ಲಾಗಿಗೆ ಶೇರ್ಡ್ ಹೋಸ್ಟಿಂಗ್: ಎಷ್ಟು ಸಾಕು, ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತೆ

ಮಂಡ್ಯದ ಆಲೆಮನೆಗಳ ಬಗ್ಗೆ ಬರೆಯಲಿ, ಮೈಸೂರು ದಸರಾ ಫೋಟೊ ಹಾಕಲಿ, ಹೊಸ ಬ್ಲಾಗಿಗೆ ವಿಪಿಎಸ್, ಅಂದರೆ ಸರ್ವರಿನಲ್ಲಿ (ಸೈಟು ಇಡುವ ಕಂಪ್ಯೂಟರ್) ನಿಮಗೇ ಮೀಸಲಾದ ಪಾಲು, ಬೇಕಿಲ್ಲ. ಒಂದೇ ಸರ್ವರನ್ನು ಹಲವು ಸೈಟುಗಳು ಹಂಚಿಕೊಳ್ಳುವ ಶೇರ್ಡ್ ಹೋಸ್ಟಿಂಗ್ ಧಾರಾಳವಾಯಿತು. ಬರೀ ಬರಹ ಅನ್ನುವುದಾದರೆ ಅದೂ ದಂಡ. ಗೂಗಲ್‌ನ ಬ್ಲಾಗರ್ ಪುಕ್ಕಟೆ ಇದೆ, ಸ್ವಂತ ಡೊಮೇನನ್ನೂ (ವೆಬ್ ವಿಳಾಸದ ಹೆಸರು) ಜೋಡಿಸಬಹುದು. ಥೀಮು (ಸೈಟಿನ ವಿನ್ಯಾಸ), ಪ್ಲಗಿನ್ನು (ಹೆಚ್ಚುವರಿ ಸೌಲಭ್ಯ) ತಮ್ಮ ಕೈಯಲ್ಲೇ ಇರಬೇಕು, ಬ್ಲಾಗು ನಡೆಸುವ ತಂತ್ರಾಂಶ ವರ್ಡ್‌ಪ್ರೆಸ್ಸೇ ಆಗಬೇಕು ಅನ್ನುವವರಿಗೆ ಮಾತ್ರ ಈ ಲೆಕ್ಕಾಚಾರ.

‘ತಿಂಗಳಿಗೆ 149 ರೂಪಾಯಿ’ ಅಂತ ಜಾಹೀರಾತು ಇದ್ದರೆ ಸಾಮಾನ್ಯವಾಗಿ ಅದು ನಾಲ್ಕು ವರ್ಷದ ದುಡ್ಡು ಒಟ್ಟಿಗೆ ಕಟ್ಟುವವರಿಗೆ. 48 ತಿಂಗಳಿಗೆ 7,152, ಅದರ ಮೇಲೆ ಶೇ. 18 ಜಿಎಸ್‌ಟಿ, ಕೈಯಿಂದ ಹೋಗುವುದು 8,439 ರೂಪಾಯಿ. ರಿನ್ಯೂವಲ್ ದರ ಬೇರೆ, ಅದು ಸಣ್ಣ ಅಕ್ಷರದಲ್ಲಿರುತ್ತೆ. ಹೋಲಿಸಬೇಕಾದ್ದು ಆ ದರವನ್ನೇ. ಮೊದಲು ಒಂದು ವರ್ಷಕ್ಕೆ ಕೊಳ್ಳುವುದು ವಾಸಿ, ತುಸು ದುಬಾರಿಯಾದರೂ. ‘ಫ್ರೀ ಡೊಮೇನ್’ ಕೂಡ ಬೇಡ ಅನ್ನುತ್ತೇನೆ. ಹೆಸರು ಒಂದು ಕಡೆ, ಹೋಸ್ಟಿಂಗ್ ಇನ್ನೊಂದು ಕಡೆ ಇದ್ದರೆ ಜಾಗ ಬದಲಿಸುವಾಗ ನೇಮ್‌ಸರ್ವರ್ (ಡೊಮೇನ್ ಯಾವ ಹೋಸ್ಟಿಂಗಿನತ್ತ ಹೋಗಬೇಕು ಎಂದು ತೋರಿಸುವ ಸೆಟ್ಟಿಂಗ್) ತಿದ್ದಿದರೆ ಮುಗಿಯಿತು.

‘ಅನ್‌ಲಿಮಿಟೆಡ್’ ಅನ್ನುವ ಪ್ಲಾನಿಗೂ ಇನೋಡ್ ಮಿತಿ ಇರುತ್ತೆ, ಅಂದರೆ ಒಟ್ಟು ಎಷ್ಟು ಫೈಲ್ ಇಡಬಹುದು ಎಂಬ ಲೆಕ್ಕ. ಜಂಬೂಸವಾರಿಯ ಒಂದು ಫೋಟೊವನ್ನು, 4,000 ಪಿಕ್ಸೆಲ್ ಅಗಲದ್ದು, ಮೊಬೈಲಿನಿಂದ ಹಾಗೇ ಏರಿಸಿ ನೋಡಿ: ವರ್ಡ್‌ಪ್ರೆಸ್ ಅದಕ್ಕೆ 150ರಿಂದ 2,560 ಪಿಕ್ಸೆಲ್‌ವರೆಗೆ ಏಳು ಪ್ರತಿ ಮಾಡಿಟ್ಟುಕೊಳ್ಳುತ್ತೆ, ಮೂಲದ ಜೊತೆ ಎಂಟು ಫೈಲು. ಥೀಮು ತನ್ನದನ್ನೂ ಸೇರಿಸಬಹುದು. ಮುನ್ನೂರು ಫೋಟೊಗೆ 2,400. ಮೇಲ್, ಕ್ಯಾಶ್ (ಸೈಟು ತಾತ್ಕಾಲಿಕವಾಗಿ ಇಟ್ಟುಕೊಳ್ಳುವ ಪ್ರತಿಗಳು) ಎಲ್ಲ ಸೇರಿ ಮಿತಿ ತುಂಬಿದರೆ ಅಪ್‌ಲೋಡೂ ಇಲ್ಲ, ಅಪ್‌ಡೇಟೂ ಇಲ್ಲ. ಮೊದಲೇ 1,200 ಪಿಕ್ಸೆಲ್ ಅಗಲಕ್ಕೆ ಇಳಿಸಿದರೆ ಐದೇ ಫೈಲು, ಎಂಬಿಗಳ ಬದಲು ಕೆಬಿ.

ಕನ್ನಡದಲ್ಲಿ ಬರೆಯುವವರಿಗೆ ಇರುವ ಒಂದು ಕಿರಿಕಿರಿ ಸ್ಲಗ್‌ನದು, ಅಂದರೆ ಲೇಖನದ ವೆಬ್ ವಿಳಾಸದ ಕೊನೆಯ ಭಾಗದ್ದು, ಇದಕ್ಕೆ ಯಾವ ಹೋಸ್ಟಿಂಗೂ ಹೊಣೆಯಲ್ಲ. ಶೀರ್ಷಿಕೆ ಕನ್ನಡದಲ್ಲಿದ್ದರೆ ವಿಳಾಸದಲ್ಲಿ ಪ್ರತಿ ಯೂನಿಕೋಡ್ ಚಿಹ್ನೆ ಒಂಬತ್ತು ಅಕ್ಷರವಾಗಿ ಹಿಗ್ಗುತ್ತೆ. ‘ಮೈಸೂರು’ ಅನ್ನುವುದರಲ್ಲಿ ಕಾಗುಣಿತದ ಗುರುತು ಸೇರಿ ಆರು ಚಿಹ್ನೆ, ಹಾಗಾಗಿ 54. ವರ್ಡ್‌ಪ್ರೆಸ್ ಸ್ಲಗ್‌ಗೆ ಕೊಡುವುದು 200 ಅಕ್ಷರ ಮಾತ್ರ. ಇಪ್ಪತ್ತೆರಡು ಚಿಹ್ನೆ ಆಗುವಷ್ಟರಲ್ಲಿ ವಿಳಾಸ ಅರ್ಧಕ್ಕೇ ತುಂಡು. ಪಬ್ಲಿಷ್ ಒತ್ತುವ ಮುಂಚೆ ಸ್ಲಗ್ಗನ್ನು ಚಿಕ್ಕದಾಗಿ ಇಂಗ್ಲಿಷ್ ಅಕ್ಷರದಲ್ಲಿ ಬರೆಯಿರಿ. ಬರಹಗಳನ್ನು ಕೂಡಿಡುವ ಡೇಟಾಬೇಸಿನ ಅಕ್ಷರ ಸಂಕೇತ ಯುಟಿಎಫ್8ಎಂಬಿ4 (utf8mb4) ಆಗಿರಲಿ.

ಓದುವವರು ಹೆಚ್ಚಿನವರು ಇಲ್ಲಿಯವರೇ ಆದ್ದರಿಂದ ಡೇಟಾ ಸೆಂಟರ್ ಮುಂಬೈಯದ್ದನ್ನೇ ಆರಿಸಿ. ಅಮೆರಿಕದ್ದಾದರೆ ಪ್ರತಿ ಸಲ ಕೋರಿಕೆ ಹೋಗಿ ಉತ್ತರ ಬರುವುದಕ್ಕೇ 200 ಮಿಲಿಸೆಕೆಂಡ್ ದಾಟುತ್ತೆ. ಕೊಂಡ ಮೇಲೆ ಇದನ್ನು ಬದಲಿಸುವುದು ತಲೆನೋವು.

ಎಸ್‌ಎಸ್‌ಎಲ್‌ಗೆ (ವಿಳಾಸದಲ್ಲಿ https ಬರಲು ಬೇಕಾದ ಸುರಕ್ಷತಾ ಸರ್ಟಿಫಿಕೇಟ್) ಪ್ರತ್ಯೇಕ ದುಡ್ಡು ಕೇಳುವವರನ್ನು ಬಿಟ್ಟುಬಿಡಿ, ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ಅದನ್ನು ಉಚಿತವಾಗಿ ಕೊಡುತ್ತೆ. ನೇಮ್‌ಸರ್ವರ್ ಬದಲಾವಣೆ ಇಂಟರ್ನೆಟ್ಟಿನಲ್ಲಿ ಹರಡುವ ಮೊದಲೇ ಸರ್ಟಿಫಿಕೇಟ್ ಬಟನ್ ಒತ್ತಿದರೆ ಫೇಲ್ ಆಗುತ್ತೆ. ಮತ್ತೆ ಮತ್ತೆ ಒತ್ತಿದರೆ ಸ್ವಲ್ಪ ಹೊತ್ತು ತಡೆಯೂ ಬೀಳುತ್ತೆ. ಕೆಲವು ಗಂಟೆ ಕಾಯಿರಿ.

ದುಡ್ಡು ವಾಪಸ್ ಪಡೆಯುವ ಅವಧಿ ಮುಗಿಯುವುದರೊಳಗೆ ಎರಡು ಕೆಲಸ: ರಾತ್ರಿ ಹತ್ತರ ಮೇಲೆ ಚಾಟ್‌ನಲ್ಲಿ ಇನೋಡ್ ಮಿತಿ ಎಷ್ಟು ಎಂದು ಕೇಳಿ, ಉತ್ತರ ಬರಲು ಎಷ್ಟು ಹೊತ್ತಾಯಿತು ನೋಡಿ. ಆಮೇಲೆ ಬ್ಯಾಕಪ್ ಇಳಿಸಿಕೊಂಡು, ಖಾಲಿ ಸಬ್‌ಡೊಮೇನ್‌ನಲ್ಲಿ (ನಿಮ್ಮ ಡೊಮೇನಿನಡಿ ಮಾಡಿಕೊಂಡ ಇನ್ನೊಂದು ವಿಳಾಸ) ರಿಸ್ಟೋರ್ ಮಾಡಿ, ಕನ್ನಡ ಅಕ್ಷರದ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ ಬಂದಿದೆಯೇ ಪರೀಕ್ಷಿಸಿ.